ಟ್ಯಾಂಕಿ ಹೋಯಿತು, ಗಸಿ ಉಳಿಯಿತು

ಫಲ್ಗುಣಿಯ ಕೆಳದಂಡೆಯ ಊರುಗಳಲ್ಲಿ ನೀರಿನ ತೀರ್ಮಾನ ನಾಲಿಗೆಗೆ ಬಿಟ್ಟದ್ದಾಗಿತ್ತು. ದೀಪಾವಳಿ ಕಳೆದು ಮಳೆಯ ನೀರು ಇಳಿಯುತ್ತ ಬಂದ ಹಾಗೆ ಅಳಿವೆಯ ಕಡೆಯಿಂದ ಉಪ್ಪು ಮೇಲೇರಲು ಸುರುವಾಗುತ್ತದೆ. ಅದು ಎಷ್ಟು ದೂರ ಬಂತು, ಯಾವ ಅಮಾವಾಸ್ಯೆಯ ಭರತಕ್ಕೆ ಗದ್ದೆಯ ಕಟ್ಟದ ಬುಡ ಮುಟ್ಟಿತು, ಕಿಂಡಿಗೆ ಹಲಗೆ ಹಾಕಲು ಇನ್ನೆಷ್ಟು ದಿನ ಉಂಟು ಎಂದು ಹೇಳಲಿಕ್ಕೆ ಮೀಟರು ಇರಲಿಲ್ಲ, ಅಜ್ಜಿಯಂದಿರು ಇದ್ದರು. ನನ್ನ ಅಜ್ಜಿ ಬಾವಿಯಿಂದ ಮೊದಲ ಕೊಡ ಎಳೆದ ಕೂಡಲೇ ಅಂಗೈಯಲ್ಲಿ ಒಂದು ಗುಟುಕು ಹಿಡಿದು ಬಾಯಲ್ಲಿ ಆಡಿಸಿ ಪಕ್ಕದ ಬಾಳೆಬುಡಕ್ಕೆ ಉಗಿಯುತ್ತಿದ್ದಳು. ಉಗಿದ ಮೇಲೆ ತೀರ್ಪು. ಈ ನೀರು ಗಂಜಿಗೆ ಆಗ್ತದೆ, ಬೇಳೆ ಬೇಯ್ಲಿಕ್ಕೆ ಆಗುದಿಲ್ಲ. ಅಥವಾ, ಇವತ್ತು ಕೆಳಗಿನ ಮನೆಯ ಬಾವಿಯಿಂದ ತನ್ನಿ. ಅವಳ ಮಾತನ್ನು ಪ್ರಶ್ನೆ ಮಾಡಿದವರನ್ನು ನಾನು ಕಂಡಿಲ್ಲ.

ನೀರು, ಮೀನು, ಮಣ್ಣು ಇವುಗಳ ಬಗ್ಗೆ ಆ ದಂಡೆಯ ಜನರಿಗಿದ್ದ ತಿಳಿವಳಿಕೆಯೆಲ್ಲ ಹೀಗೆ ಮೈಯಲ್ಲೇ ಇತ್ತು. ಮರುವಾಯಿ ಹೆಕ್ಕುವ ಹೆಂಗಸರಿಗೆ ಯಾವ ಕುದ್ರುವಿನ ಯಾವ ಮಗ್ಗುಲಲ್ಲಿ ಇಳಿತದ ಹೊತ್ತಿಗೆ ಮೊಣಕಾಲಷ್ಟು ನೀರು ಇರುತ್ತದೆ ಎಂಬುದು ಕಾಲಿಗೇ ಗೊತ್ತು. ಬೀಸುಬಲೆಯವರು ನೀರಿನ ಬಣ್ಣ ನೋಡಿ ಬಲೆ ಬಿಚ್ಚುವವರು. ವೇಣೂರಿನ ಗೊಮ್ಮಟನ ಹತ್ತಿರ ಹರಿದು, ಪೊಳಲಿ, ಗುರುಪುರ, ಮರವೂರು ದಾಟಿ, ಕೂಳೂರಿನ ಹತ್ತಿರ ಕಡಲು ಇಗೋ ಕೈಗೆಟುಕಿತು ಅನ್ನುವಷ್ಟು ಸಮೀಪ ಬಂದ ಈ ಹೊಳೆ ಅಲ್ಲಿ ಕಡಲನ್ನು ಸೇರುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಯ ಮರಳುಪಟ್ಟಿಯ ಹಿಂದೆ ದಕ್ಷಿಣಕ್ಕೆ ತಿರುಗಿ ಬಹಳ ದೂರ ನಿಧಾನವಾಗಿ ಹೋಗಿ, ನೇತ್ರಾವತಿಯ ಜೊತೆ ಸೇರಿಕೊಂಡು ಆಮೇಲೆ ಹೊರಗೆ ಬೀಳುತ್ತದೆ. ಆ ನಿಧಾನವೇ ಅಲ್ಲಿನ ಬದುಕಾಗಿತ್ತು. ಕಾಂಡ್ಲಾ ಬೇರಿನ ನಡುವೆ ಏಡಿ, ಸಿಗಡಿ, ಇರ್ಪೆ, ಕಾಣೆ, ದಡದಲ್ಲಿ ತೆಂಗು, ನಡುವಿನಲ್ಲಿ ಹಂಚಿನ ಕಾರ್ಖಾನೆಗೆ ಆವೆಮಣ್ಣು ಹೊತ್ತು ಹೋಗುವ ದೋಣಿ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಸುರು ಮಾಡಿದ ಹಂಚಿನ ಉದ್ಯಮಕ್ಕೆ ಈ ಎರಡು ಹೊಳೆಗಳೇ ರಸ್ತೆ.

ಅದೇ ನಿಧಾನದ ನೀರು ಎಣ್ಣೆಗೂ ಅನುಕೂಲವಾಯಿತು. ಚಿಮಿಣಿ ಎಣ್ಣೆ ಮೊದಲು ಪೀಪಾಯಿಗಳಲ್ಲಿ ದೋಣಿಯ ಮೇಲೆ, ಆಮೇಲೆ ಲಾರಿಯಲ್ಲಿ ಬಂದು ನಮ್ಮೂರಿನ ದಡದಲ್ಲಿ ಇಳಿಯುತ್ತಿತ್ತು. ಊರಿನವರು ಆ ಜಾಗವನ್ನು ಡಿಪೋ ಅಂದವರಲ್ಲ, ಟ್ಯಾಂಕಿ ಅಂತಲೇ ಹೇಳಿದ್ದು. ಕಂಪನಿಯ ಹೆಸರು ಇಲ್ಲಿ ಬೇಡ. ವಿದೇಶಿ ಎಣ್ಣೆ ಕಂಪನಿಗಳನ್ನೆಲ್ಲ ಸರಕಾರ ವಹಿಸಿಕೊಂಡ ಎಪ್ಪತ್ತರ ದಶಕದಲ್ಲಿ ಅದರ ಬೋರ್ಡೂ ಬದಲಾಯಿತು, ಅಷ್ಟೇ. ಬೆಳ್ಳಿ ಬಣ್ಣದ ದುಂಡನೆಯ ಟ್ಯಾಂಕಿಗಳು, ಸುತ್ತ ಮುರಕಲ್ಲಿನ ಕಟ್ಟೆ, ಗೇಟಿನಲ್ಲಿ ಬೀಡಿ ಬೆಂಕಿಪೊಟ್ಟಣ ಕಸಿದುಕೊಳ್ಳುವ ವಾಚ್‌ಮನ್, ಕೆಂಪು ಬಣ್ಣ ಬಳಿದ ಮರಳಿನ ಬಕೆಟುಗಳ ಸಾಲು.

ಟ್ಯಾಂಕಿಯನ್ನು ನಾವು ಪ್ರೀತಿಸಿದ್ದೆವು ಎಂಬುದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥವಿಲ್ಲ. ಬೆಳಿಗ್ಗೆ ಎಂಟರ ಸೈರನ್ನಿಗೆ ಊರಿನ ಗಡಿಯಾರಗಳು ಸರಿಯಾಗುತ್ತಿದ್ದವು. ತಿಂಗಳ ಸಂಬಳ ಅನ್ನುವುದು ಊರಿಗೆ ಮೊದಲು ಬಂದದ್ದು ಆ ಗೇಟಿನಿಂದ. ಖಾಲಿ ಡಬ್ಬಗಳು ಬಾವಿಯ ಬಕೆಟಾದವು, ಕೋಳಿಗೂಡಿನ ಮಾಡಾದವು, ತುಳಸಿ ಕುಂಡವಾದವು. ಯಕ್ಷಗಾನದ ಮೇಳ ಬಂದರೆ ಗ್ಯಾಸ್‌ಲೈಟಿಗೆ ಎಣ್ಣೆ ಟ್ಯಾಂಕಿಯವರದ್ದು. ಅಲ್ಲಿ ಕೆಲಸಕ್ಕಿದ್ದವರು ಮನೆಗೆ ಬರುವಾಗ ಅಂಗಿಯಲ್ಲಿ ಒಂದು ವಾಸನೆ ಇರುತ್ತಿತ್ತು, ಸಂಪಾದನೆಯ ವಾಸನೆ. ಹೆಂಗಸರು ಅದನ್ನು ಬೈಯುತ್ತಲೇ ಹೆಮ್ಮೆಪಡುತ್ತಿದ್ದರು.

ನನ್ನ ದೊಡ್ಡಪ್ಪನ ಕೆಲಸ ಟ್ಯಾಂಕಿಯ ಅಳತೆ. ಕಬ್ಬಿಣದ ಏಣಿ ಹತ್ತಿ ಮೇಲಿನ ಮುಚ್ಚಳ ತೆರೆದು, ತುದಿಗೆ ಹಿತ್ತಾಳೆಯ ಭಾರ ಕಟ್ಟಿದ ಸ್ಟೀಲ್ ಟೇಪನ್ನು ಮೆಲ್ಲ ಮೆಲ್ಲ ಕೆಳಗೆ ಬಿಡುವುದು. ಹಿತ್ತಾಳೆ ಯಾಕೆಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ಭಾರದ ತುದಿಗೆ ಒಂದು ಪೇಸ್ಟ್ ಸವರುತ್ತಿದ್ದರು, ಬೆಲ್ಲದ ಪಾಕದ ಬಣ್ಣದ್ದು. ಎಣ್ಣೆಯಲ್ಲಿ ಅದ್ದಿದರೆ ಅದಕ್ಕೆ ಏನೂ ಆಗದು. ನೀರು ತಾಗಿದಲ್ಲಿಗೆ ಮಾತ್ರ ಕೆಂಪಾಗುತ್ತದೆ. ಟೇಪ್ ಮೇಲೆ ಬಂದಾಗ ಕೆಂಪು ಎಷ್ಟು ಬೆರಳು ಏರಿದೆ ಎಂದು ನೋಡಿದರೆ ಟ್ಯಾಂಕಿಯ ತಳದಲ್ಲಿ ನೀರು ಎಷ್ಟು ನಿಂತಿದೆ ಎಂದು ತಿಳಿಯುತ್ತದೆ. ಎಣ್ಣೆಯ ಟ್ಯಾಂಕಿಗೆ ನೀರು ಎಲ್ಲಿಂದ ಬರಬೇಕು ಎಂದು ನಾನು ಕೇಳಿದ್ದೆ. "ಗಾಳಿಯಿಂದ ಬರ್ತದೆ ಮಗಾ. ರಾತ್ರಿ ತಂಪಿಗೆ ಒಳಗೆ ಬೆವರ್ತದೆ. ಮಳೆಗಾಲದಲ್ಲಿ ಕೇಳುದೇ ಬೇಡ."

ಆ ತಳದ ನೀರನ್ನು ಬಿಡಬೇಕು. ಬಿಡದಿದ್ದರೆ ತಳದ ತಗಡು ತುಕ್ಕು ಹಿಡಿಯುತ್ತದೆ. ಕೆಳಗಿನ ವಾಲ್ವ್ ತಿರುಗಿಸಿದರೆ ಮೊದಲು ಕಪ್ಪು, ಆಮೇಲೆ ಬೂದಿ ಬಣ್ಣದ ನೀರು, ಕೊನೆಗೆ ಎಣ್ಣೆ. ಎಣ್ಣೆ ಕಂಡ ಕೂಡಲೇ ನಿಲ್ಲಿಸುವುದು. ನೀರು ಎಲ್ಲಿಗೆ ಹೋಗುತ್ತಿತ್ತು? ಕಟ್ಟೆಯ ಮೂಲೆಯ ಗುಂಡಿಗೆ, ಅಲ್ಲಿಂದ ಚರಂಡಿಗೆ, ಚರಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಗುಂಡಿಯಲ್ಲಿ ಎಣ್ಣೆ ಮೇಲೆ ಉಳಿದು ನೀರು ಮಾತ್ರ ಹೋಗಬೇಕು ಎಂಬುದು ಲೆಕ್ಕ. ಆಟಿ ತಿಂಗಳ ಮಳೆಗೆ ಲೆಕ್ಕವೂ ಗುಂಡಿಯೂ ಒಟ್ಟಿಗೇ ತುಂಬಿ ಹರಿಯುತ್ತಿದ್ದವು. ತೋಡಿನ ಮೇಲೆ ನೇರಳೆ, ಹಸಿರು, ಚಿನ್ನದ ಬಣ್ಣ ಸುಳಿದಾಡುವುದನ್ನು ನಾವು ಮಕ್ಕಳು ಕಾಲು ಅದ್ದಿ ಒಡೆಯುತ್ತಿದ್ದೆವು. ಅದು ಒಡೆದು ಮತ್ತೆ ಕೂಡಿಕೊಳ್ಳುವುದನ್ನು ನೋಡುವುದು ಒಂದು ಆಟ.

ಕೆಲವು ವರ್ಷಕ್ಕೊಮ್ಮೆ ಟ್ಯಾಂಕಿ ತೊಳೆಯುವುದು ಅಂತ ಇತ್ತು. ಆಗ ಹೊರಗಿನಿಂದಲೂ ಜನ ಬರುತ್ತಿದ್ದರು. ಮೂಗಿಗೆ ಬೈರಾಸು ಸುತ್ತಿಕೊಂಡು, ಹಿತ್ತಾಳೆ ಸಲಿಕೆ ಹಿಡಿದು, ಬುಡದ ಕಿಂಡಿಯಿಂದ ನುಸುಳಿ ಒಳಗೆ ಹೋಗುವುದು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ತಲೆ ತಿರುಗಿ ಕೂತುಕೊಳ್ಳುವುದು. ಬೆಲ್ಲ ನೀರು ಕುಡಿದು ಮತ್ತೆ ಹೋಗುವುದು. ತಳದಲ್ಲಿ ಕೂತ ಗಸಿ ಡಾಂಬರಿನಷ್ಟು ದಪ್ಪ, ಅದರಲ್ಲಿ ತುಕ್ಕಿನ ಪುಡಿ, ಮಣ್ಣು. ಚಿಮಿಣಿ ಎಣ್ಣೆಯ ಟ್ಯಾಂಕಿಯ ಗಸಿ ಒಂದು ಥರ, ಪೆಟ್ರೋಲಿನದ್ದು ಇನ್ನೊಂದು. ಪೆಟ್ರೋಲಿಗೆ ಆಗ ಸೀಸ ಬೆರೆಸುತ್ತಿದ್ದರು, ಎಂಜಿನ್ ಬಡಿಯದಿರಲಿ ಎಂದು. ಭಾರತದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಆ ಸೀಸದ ಒಂದು ಪಾಲು ಗಸಿಗೆ ಇಳಿಯುತ್ತದೆ. ಗಸಿಯನ್ನು ಬುಟ್ಟಿಯಲ್ಲಿ ಹೊತ್ತು ಕಾಂಪೌಂಡಿನ ಹಿಂಬದಿಗೆ ಒಯ್ದು ಹೊಂಡ ತೋಡಿ ಹಾಕಿ ಮಣ್ಣು ಮುಚ್ಚುವುದು. ಅದು ಕಳ್ಳತನದಿಂದ ಮಾಡಿದ್ದಲ್ಲ. ಜಗತ್ತಿನ ಬಹಳಷ್ಟು ಹಳೆಯ ಎಣ್ಣೆ ಡಿಪೋಗಳಲ್ಲಿ ಗಸಿಯ ಸಂಸ್ಕಾರ ಆಗ ಹೀಗೆಯೇ ಆಗುತ್ತಿತ್ತು.

ಆಮೇಲಿನದ್ದನ್ನು ಬೇಗ ಹೇಳಬಹುದು. ಪಣಂಬೂರಿನಲ್ಲಿ ನವಮಂಗಳೂರು ಬಂದರು 1974ರಲ್ಲಿ ತೆರೆಯಿತು. ಅದಕ್ಕೆ ಜಾಗ ಬಿಟ್ಟುಕೊಟ್ಟವರು ಕಾಟಿಪಳ್ಳದ ಗುಡ್ಡಕ್ಕೆ ಹೋದರು, ಹೊಳೆ ಕಡಲು ಎರಡೂ ಕಾಣದ ಕಡೆಗೆ. ಗೊಬ್ಬರದ ಕಾರ್ಖಾನೆ ಬಂತು, ಬೈಕಂಪಾಡಿಯ ಕೈಗಾರಿಕಾ ವಲಯ ಬಂತು, ತೊಂಬತ್ತರ ದಶಕದಲ್ಲಿ ತೈಲಾಗಾರ ಬಂತು. 2001ರಲ್ಲಿ ತಣ್ಣೀರುಬಾವಿಯ ಹತ್ತಿರ ಹೊಳೆಯಲ್ಲೇ ಬಾರ್ಜಿನ ಮೇಲೆ 220 ಮೆಗಾವಾಟಿನ ನಾಫ್ತಾ ವಿದ್ಯುತ್ ಸ್ಥಾವರ ನಿಂತಿತು. ಕರಾರು ಮುಗಿದ ಮೇಲೆ ಅದನ್ನು ಎತ್ತಿಕೊಂಡು ಕಾಕಿನಾಡಕ್ಕೆ ಹೋದರು. ಇಷ್ಟು ದೊಡ್ಡವುಗಳ ನಡುವೆ ನಮ್ಮ ಟ್ಯಾಂಕಿಗೆ ಲೆಕ್ಕವೇ ಇಲ್ಲ. ಒಂದು ದಿನ ಸೈರನ್ ನಿಂತಿತು. ಗುಜರಿಯವರು ಗ್ಯಾಸ್ ಕಟ್ಟರ್ ತಂದು ತಗಡನ್ನು ಹೋಳು ಮಾಡಿ ಲಾರಿಗೆ ಹೇರಿದರು. ಗೇಟಿಗೆ ಬೀಗ ಬಿತ್ತು. ಕಾಂಪೌಂಡಿನೊಳಗೆ ದುಂಡನೆಯ ಅಡಿಪಾಯಗಳು ಉಳಿದವು, ಅವುಗಳ ಮೇಲೆ ಹುಡುಗರು ಕ್ರಿಕೆಟ್ ಆಡಿದರು.

ಟ್ಯಾಂಕಿಯೇ ಇಲ್ಲವೆಂದ ಮೇಲೆ ಅಪಾಯ ಎಂತದ್ದು ಎಂದು ಕೇಳುವವರಿದ್ದಾರೆ. ನೆಲದೊಳಗೆ ನಡೆಯುವುದನ್ನು ಅವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಸೋರಿದ ಎಣ್ಣೆ ಮರಳಿನಲ್ಲಿ, ಮುರಕಲ್ಲಿನ ತೂತುಗಳಲ್ಲಿ ಕೆಳಗಿಳಿಯುತ್ತದೆ. ಅಂತರ್ಜಲ ಸಿಕ್ಕಿದಲ್ಲಿ ನಿಲ್ಲುತ್ತದೆ, ಯಾಕೆಂದರೆ ನೀರಿಗಿಂತ ಹಗುರ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ನಿಂತ ಹಾಗೆ ನೆಲದಡಿಯ ನೀರಿನ ಮೇಲೆ ನಿಲ್ಲುತ್ತದೆ. ಆದರೆ ನಮ್ಮ ಕರಾವಳಿಯ ಅಂತರ್ಜಲ ಒಂದೇ ಮಟ್ಟದಲ್ಲಿ ಕೂರುವ ಜಾತಿಯದ್ದಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿದ ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಮೇ ತಿಂಗಳಲ್ಲಿ ಬಾವಿಯ ತಳದಲ್ಲಿದ್ದ ನೀರು ಆಟಿಯಲ್ಲಿ ಕೈಗೆಟುಕುವಷ್ಟು ಮೇಲೆ ಬರುತ್ತದೆ. ನೀರು ಏರಿದಾಗ ಎಣ್ಣೆಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಹೀಗೆ ಏರಿ ಇಳಿದು ಅಷ್ಟೂ ಎತ್ತರದ ಮಣ್ಣಿಗೆ ಬಳಿದುಕೊಳ್ಳುತ್ತದೆ. ಬಳಿದುಕೊಂಡದ್ದು ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಕರಗಿ ನೀರಿನ ಜೊತೆ ಇಳಿಜಾರಿನ ಕಡೆಗೆ ಹೊರಡುತ್ತದೆ. ಇಳಿಜಾರು ಅಂದರೆ ಹೊಳೆ. ದಾರಿಯಲ್ಲಿ ಬಾವಿಗಳು. ಮಣ್ಣಿನ ಸೂಕ್ಷ್ಮಜೀವಿಗಳು ಈ ಎಣ್ಣೆಯನ್ನು ತಿಂದು ಮುಗಿಸುತ್ತವೆ ಎಂಬುದೂ ನಿಜ, ಆದರೆ ಅದಕ್ಕೆ ಹಲವು ವರ್ಷ ಹಿಡಿಯುತ್ತದೆ. ಸೀಸವನ್ನು ಅವು ತಿನ್ನುವುದಿಲ್ಲ.

ಕರಗುವವುಗಳಲ್ಲಿ ಮುಖ್ಯವಾದದ್ದು ಪೆಟ್ರೋಲಿನ ಬೆಂಜೀನ್. ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲಿಗೆಗೆ ಗೊತ್ತಾಗಬೇಕಾದರೆ ಅದರ ಹತ್ತಾರು ಪಟ್ಟಾದರೂ ಬೇಕು, ಮೂಗಿಗೆ ಗೊತ್ತಾಗಲು ಇನ್ನೂ ಹೆಚ್ಚು. ಅಂದರೆ ನನ್ನ ಅಜ್ಜಿ ಅಂಗೈಯ ನೀರನ್ನು ಬಾಯಲ್ಲಿ ಆಡಿಸಿ "ಒಳ್ಳೇದುಂಟು" ಎಂದು ಹೇಳಿಬಿಡಬಹುದಾದ ನೀರು ಇದು. ಚಿಮಿಣಿ ಎಣ್ಣೆಯ ವಾಸನೆ ಬಂದರೆ ಪುಣ್ಯ ಅಂದುಕೊಳ್ಳಬೇಕು, ಕುಡಿಯುವುದನ್ನಾದರೂ ಬಿಡುತ್ತೇವೆ. ಉಪ್ಪು, ಕೆಸರು, ಕಬ್ಬಿಣದ ಒಗರು, ಕೊಳೆತ ಎಲೆ, ಇವೆಲ್ಲವನ್ನೂ ಹಿಡಿಯುತ್ತಿದ್ದ ನಾಲಿಗೆ ಈ ಒಂದರ ಮುಂದೆ ಕುರುಡು. ನನಗೆ ಟ್ಯಾಂಕಿಯ ಮೇಲೆ ಸಿಟ್ಟು ಇರುವುದಾದರೆ ಅದು ಇದೇ ಕಾರಣಕ್ಕೆ. ಅದು ಅಜ್ಜಿಯ ವಿದ್ಯೆಯನ್ನು ಕೆಲಸಕ್ಕೆ ಬಾರದ್ದನ್ನಾಗಿ ಮಾಡಿತು. ಈಗ ಆ ಮನೆಗಳಲ್ಲಿ ಬಾವಿಗೆ ಬಲೆ ಮುಚ್ಚಿದೆ. ನಳ್ಳಿ ನೀರು ಬಂದ ದಿನ ಡ್ರಮ್ಮು ತುಂಬಿಸುತ್ತಾರೆ. "ಬಾವಿ ನೀರು ಕುಡಿಯುದಾ? ಕೈಕಾಲು ತೊಳಿಲಿಕ್ಕೆ ಸಾಕು" ಅನ್ನುತ್ತಾಳೆ ತಮ್ಮನ ಹೆಂಡತಿ.

ಹೊಳೆಯ ಎಲ್ಲ ಕಷ್ಟವನ್ನೂ ಟ್ಯಾಂಕಿಯ ತಲೆಗೆ ಕಟ್ಟುವುದು ಸುಲಭ, ಆದರೆ ಸರಿಯಲ್ಲ. ಫಲ್ಗುಣಿಗೆ ಪೇಟೆಯ ಕೊಳಚೆ ಬೀಳುತ್ತದೆ, ಕೈಗಾರಿಕೆಗಳ ತೋಡುಗಳ ನೀರು ಬೀಳುತ್ತದೆ. ಮರವೂರಿನ ಕಿಂಡಿ ಅಣೆಕಟ್ಟಿನ ಹತ್ತಿರ ಮೀನು ಸತ್ತು ತೇಲಿದ್ದನ್ನು ಪತ್ರಿಕೆಗಳು ಬರೆದಿವೆ. ಮರಳು ತೆಗೆದು ತೆಗೆದು ಮರುವಾಯಿಯ ನೆಲೆಯೇ ಹಾಳಾದ ಕಡೆಗಳಿವೆ. ಇಷ್ಟರಲ್ಲಿ ಹಳೆಯ ಎಣ್ಣೆಯ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಮರುವಾಯಿಗೆ ಆ ಭೇದವಿಲ್ಲ; ಅದು ದಿನವಿಡೀ ನೀರನ್ನು ಸೋಸಿಕೊಂಡೇ ಬದುಕುವ ಜೀವಿ, ನೀರಿನಲ್ಲಿ ಇದ್ದದ್ದು ಅದರ ಮೈಯಲ್ಲಿ ಕೂಡುತ್ತದೆ. ಮರುವಾಯಿ ಪುಂಡಿ ತಿನ್ನುವಾಗ ನಡುವೆ ಒಂದಕ್ಕೆ ಎಣ್ಣೆಯ ವಾಸನೆ ಬಂದು ಉಗಿದದ್ದು ಆ ದಂಡೆಯ ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು.

ನೆರೆ ಬಂದಾಗ ಏನಾಗಬಹುದು ಎಂಬುದಕ್ಕೆ ಬೇರೆ ಊರುಗಳ ಕತೆ ಉಂಟು. 2005ರ ಕತ್ರಿನಾ ಚಂಡಮಾರುತಕ್ಕೆ ಮಿಸಿಸಿಪಿ ದಂಡೆಯ ಮೆರೊ ಎಂಬಲ್ಲಿ ಕಚ್ಚಾತೈಲದ ಒಂದು ಭಾರೀ ಟ್ಯಾಂಕ್ ಅಡಿಪಾಯ ಬಿಟ್ಟು ತೇಲಿತು. ಪೂರ್ತಿ ತುಂಬಿದ್ದರೆ ತೇಲುತ್ತಿರಲಿಲ್ಲ. ಕಾಲು ಭಾಗದಷ್ಟು ಮಾತ್ರ ಎಣ್ಣೆ ಇತ್ತು. ಸುಮಾರು 25,000 ಬ್ಯಾರೆಲ್ ಹೊರಚೆಲ್ಲಿ ಮನೆಗಳ ಒಳಗೆ ನುಗ್ಗಿತು. ಅರೆಖಾಲಿ ಹಳೇ ಟ್ಯಾಂಕಿ ನಿರಪಾಯ ಎಂದು ತಿಳಿಯುವವರು ಇದನ್ನು ನೆನಪಿಡಬೇಕು. 2020ರ ಮೇ 29ರಂದು ರಷ್ಯದ ನೊರಿಲ್ಸ್ಕ್‌ನಲ್ಲಿ ಹಳೆಯ ಡೀಸೆಲ್ ಟ್ಯಾಂಕ್ ಒಡೆದು ಸುಮಾರು 21,000 ಟನ್ ಚೆಲ್ಲಿ ಅಂಬರ್ನಾಯಾ ನದಿ ಕೆಂಪಾಯಿತು. ನಮ್ಮ ಪಕ್ಕದಲ್ಲೇ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ನೆರೆಯಲ್ಲಿ ಮಣಲಿಯ ಕಡೆಯ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಯ ದಾರಿಯಾಗಿ ಎಣ್ಣೂರಿನ ಅಳಿವೆಗೆ ಬಂತು. ಅಲ್ಲಿನ ಮೀನುಗಾರರು ಮಗ್ಗು ಬಕೆಟು ಹಿಡಿದು ಕೈಯಲ್ಲೇ ಎಣ್ಣೆ ಮೊಗೆದರು. ಅದಕ್ಕಿಂತ ಹತ್ತು ವರ್ಷ ಹಿಂದೆ, 2013ರಲ್ಲಿ, ಅದೇ ಚೆನ್ನೈಯ ತೊಂಡಿಯಾರ್‌ಪೇಟೆಯಲ್ಲಿ ಬೋರ್‌ವೆಲ್ ನೀರಿನ ಜೊತೆ ಪೆಟ್ರೋಲಿಯಂ ಬಂದಿತ್ತು, ನೆಲದಡಿಯ ಕೊಳವೆ ಸೋರಿ. ಅಲ್ಲಿ ನೆರೆ ಇರಲಿಲ್ಲ, ಬೆಂಕಿ ಇರಲಿಲ್ಲ, ಸದ್ದೇ ಇರಲಿಲ್ಲ.

ಉರಿಯುವ ವಸ್ತುಗಳನ್ನು ಬಚ್ಚಿಡುವುದು ಈ ಹೊಳೆಗೆ ಹೊಸದಲ್ಲ ಬಿಡಿ. ಬೋಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಅಡಿಯಲ್ಲಿ ಮದ್ದಿನ ಕೋಣೆ ಇದೆ. ಇವತ್ತು ಪ್ರವಾಸಿಗರು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡು ದೋಣಿಯಲ್ಲಿ ತಣ್ಣೀರುಬಾವಿಗೆ ದಾಟುತ್ತಾರೆ. ಪೆರ್ಮುದೆಯಲ್ಲಿ ಬಂಡೆ ಕೊರೆದ ಗುಹೆಗಳಲ್ಲಿ ದೇಶದ ಆಪತ್ಕಾಲಕ್ಕೆಂದು 15 ಲಕ್ಷ ಟನ್ ಕಚ್ಚಾತೈಲಕ್ಕೆ ಜಾಗವಿದೆ, ಪಾದೂರಿನಲ್ಲಿ 25 ಲಕ್ಷ ಟನ್ನಿಗೆ. ಅಲ್ಲಿ ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಆ ಒತ್ತಡವನ್ನು ಕಾಯಲಿಕ್ಕೆ ಎಂಜಿನಿಯರುಗಳಿದ್ದಾರೆ. ದೊಡ್ಡದಕ್ಕೆ ಕಾವಲು ಇದೆ, ಕಡತ ಇದೆ, ಪ್ರತಿಭಟನೆ ಮಾಡುವವರೂ ಇದ್ದಾರೆ. ಸಣ್ಣದಕ್ಕೆ, ಹಳೆಯದಕ್ಕೆ, ಮುಚ್ಚಿದ್ದಕ್ಕೆ ಇವು ಯಾವುದೂ ಇಲ್ಲ. ಅದರ ಕಡತ ಇರುವುದು ಮುದುಕರ ತಲೆಯಲ್ಲಿ.

2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಮಾಲಿನ್ಯದ ಶಂಕೆ ಇರುವ ಜಾಗಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಗುರುತಿಸಿ ವರದಿ ಮಾಡಬೇಕು, ಆಮೇಲೆ ಪರೀಕ್ಷೆ, ಆಮೇಲೆ ಹೊಣೆಗಾರರಿಂದ ಶುದ್ಧೀಕರಣ. ಒಳ್ಳೆಯ ಕೆಲಸ, ತಡವಾದರೂ. ಆದರೆ ಶಂಕೆ ಯಾರಿಗೆ ಹುಟ್ಟಬೇಕು? ವರ್ಗವಾಗಿ ಬಂದ ಅಧಿಕಾರಿಗೆ ಅಲ್ಲಿ ಕಾಣುವುದು ಹುಲ್ಲು ಬೆಳೆದ ಖಾಲಿ ಜಾಗ. ಆರ್‌ಟಿಸಿಯಲ್ಲಿ ಗಸಿಗೆ ಕಾಲಂ ಇಲ್ಲ. ಟ್ಯಾಂಕಿ ತೊಳೆದವರಲ್ಲಿ ಹೆಚ್ಚಿನವರು ತೀರಿಹೋದರು, ಕೆಲವರು ಎದೆನೋವು ಕೆಮ್ಮು ಅಂತ, ಕೆಲವರು ವಯಸ್ಸಾಗಿ. ಯಾವುದಕ್ಕೆ ಯಾವುದು ಕಾರಣ ಎಂದು ಯಾರೂ ಬರೆದಿಡಲಿಲ್ಲ. ಅವರ ಮಕ್ಕಳು ಮುಂಬಯಿಯಲ್ಲಿ, ಗಲ್ಫಿನಲ್ಲಿ. ಕಾಂಪೌಂಡಿನ ಗೇಟಿನಲ್ಲಿ ಈಗ ನದಿ ಕಾಣುವ ಸೈಟುಗಳು ಮಾರಾಟಕ್ಕಿವೆ ಎಂಬ ಬೋರ್ಡು ನಿಂತಿದೆ. ನಾಳೆ ಅಲ್ಲಿ ಮನೆ ಕಟ್ಟುವವನು ಮೊದಲು ಮಾಡುವ ಕೆಲಸ ಬೋರ್‌ವೆಲ್ ಕೊರೆಸುವುದು. ಕೊರೆಯುವ ಮೊದಲು ನಾಲ್ಕು ಕಡೆ ಸಣ್ಣ ಪರೀಕ್ಷಾ ಬಾವಿ ತೋಡಿ ನೀರು ನೋಡಿದರೆ ಬಹಳಷ್ಟು ತಿಳಿಯುತ್ತದೆ, ದುಬಾರಿ ವಿದ್ಯೆಯೂ ಅಲ್ಲ. ಆದರೆ ತೋಡುವುದು ಎಲ್ಲಿ?

ಅದನ್ನೇ ತಿಳಿಯಲಿಕ್ಕೆ ಕಳೆದ ಬೇಸಿಗೆಯಲ್ಲಿ ದೊಡ್ಡಪ್ಪನನ್ನೂ ಅವರ ಜೊತೆ ವಾಚ್‌ಮನ್ ಆಗಿದ್ದ ಅವರ ಹಳೇ ಗೆಳೆಯರನ್ನೂ ರಿಕ್ಷಾದಲ್ಲಿ ಕರೆದುಕೊಂಡು ಹೋಗಿದ್ದೆ. ಕೈಯಲ್ಲಿ ಒಂದು ಹಾಳೆ, ಕಾಂಪೌಂಡಿನ ಅಂದಾಜು ನಕ್ಷೆ. ಗಸಿಯ ಹೊಂಡ ಎಲ್ಲಿ ಎಂದು ಗುರುತು ಹಾಕಿಕೊಳ್ಳುವುದು ನನ್ನ ಉದ್ದೇಶ. ದೊಡ್ಡಪ್ಪ ಕೋಲು ಎತ್ತಿ ಮೂಡು ಬದಿಯ ಮೂಲೆ ತೋರಿಸಿದರು.

"ಅಲ್ಲಿ. ಹಲಸಿನ ಮರದ ಹಿಂದೆ ಎರಡು ಹೊಂಡ."

"ಹಲಸಿನ ಮರವಾ? ಆ ಬದಿಯಲ್ಲಿ ಹಲಸು ಯಾವಾಗ ಇತ್ತು ಮಾರಾಯ? ಅದು ಮಾವು. ಹಲಸು ಇದ್ದದ್ದು ಹೊಳೆ ಬದಿಗೆ. ಹೊಂಡವೂ ಅಲ್ಲೇ, ನಾನೇ ಕಾವಲು ನಿಂತಿದ್ದೆ."

"ನೀನು ಗೇಟಿನಲ್ಲಿ ನಿದ್ದೆ ಮಾಡ್ತಿದ್ದೆ. ಬುಟ್ಟಿ ಎಣಿಸಿದ್ದು ನಾನು."

"ಎಣಿಸಿದ್ದು ನೀವೇ ಇರಬಹುದು. ಹೊಂಡ ಎರಡಲ್ಲ, ನಾಲ್ಕು."

ಇಬ್ಬರೂ ನನ್ನ ಹಾಳೆಯ ಕಡೆ ನೋಡಿದರು. ನಾನು ಎರಡೂ ಕಡೆ ಗುರುತು ಹಾಕಿದೆ. ಬಾವಿ ಪರೀಕ್ಷೆಯ ಅರ್ಜಿಗೆ ಆ ನಕ್ಷೆಯನ್ನೇ ಲಗತ್ತಿಸಿದ್ದೇನೆ, ಹಲಸಿನ ಮರ ಎರಡು ಕಡೆ ಇರುವ ನಕ್ಷೆ.